ನೀರಿಗೆ ತಾಗಿದಂತೆ ಹಾರುವ ವಿಗ್ ನೌಕೆ: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಮುದ್ರದ ಮೇಲೆ ಒಂದಾಳೆತ್ತರದಲ್ಲಿ ಬಸ್ಸಿನಷ್ಟು ಉದ್ದದ ರೆಕ್ಕೆಯ ನೌಕೆ ಗಂಟೆಗೆ 150 ಕಿ.ಮೀ. ವೇಗದಲ್ಲಿ ಸಾಗುವ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಅವನ್ನು ನೋಡಿದವರ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ: ಇದನ್ನು ಹಾರಂಗಿ ಜಲಾಶಯಕ್ಕೆ ತರಬಹುದೇ? ನೇರವಾಗಿ ಹೇಳುವುದಾದರೆ, ಬೇಡ. ಇದು ತೆರೆದ, ಅಗಲವಾದ, ಶಾಂತವಾದ ಸಮುದ್ರಕ್ಕೆ ಹೇಳಿ ಮಾಡಿಸಿದ ವಾಹನ. ಕೊಡಗಿನವರಿಗೆ ಇದರ ಪ್ರಯೋಜನ ಏನಿದ್ದರೂ ಘಾಟಿ ಇಳಿದು ಕರಾವಳಿ ಸೇರಿದ ಮೇಲೆ. ಆದರೆ ‘ಬೇಡ’ ಎನ್ನುವುದಕ್ಕೆ ಇರುವ ಕಾರಣಗಳಲ್ಲೇ ಈ ತಂತ್ರಜ್ಞಾನದ ತಿರುಳು ಅಡಗಿದೆ. ಕಲಿಯುವ ಆಸೆ ಇರುವವರು ತೋಟದ ಕೆರೆಯಲ್ಲೇ ಮಾದರಿ ಮಾಡಿ ನೋಡಬಹುದು. ಅದರ ಅಳತೆಗಳು ಪುಟದ ಕೊನೆಯಲ್ಲಿವೆ.

ಇದು ದೋಣಿಯೋ, ವಿಮಾನವೋ?

ಕಾನೂನಿನ ಲೆಕ್ಕದಲ್ಲಿ ಹೆಚ್ಚಿನವು ನೌಕೆಗಳೇ. ಪೂರ್ತಿ ಹೆಸರು ವಿಂಗ್ ಇನ್ ಗ್ರೌಂಡ್ ಕ್ರಾಫ್ಟ್, ರೂಢಿಯಲ್ಲಿ ವಿಗ್. ಅಂತರರಾಷ್ಟ್ರೀಯ ಕಡಲ ಸಂಸ್ಥೆ ಐಎಂಒ ಇವನ್ನು ಮೂರು ಬಗೆಯಾಗಿ ವಿಂಗಡಿಸಿದೆ. ‘ಎ’ ಬಗೆಯದು ನೀರಿನ ಮೇಲಿನ ಗಾಳಿಯ ಆಸರೆ ಬಿಟ್ಟು ಮೇಲೇರಲಾರದು. ‘ಬಿ’ ಬಗೆಯದು ಅಡ್ಡ ಬಂದದ್ದನ್ನು ದಾಟಲು ಸ್ವಲ್ಪ ಹೊತ್ತು ಮೇಲೇರಬಹುದು, ಆದರೆ 150 ಮೀಟರ್ ಮೀರುವಂತಿಲ್ಲ. ‘ಸಿ’ ಬಗೆಯದು ಅದಕ್ಕೂ ಮೇಲೆ ಹಾರಬಲ್ಲದು. ಹಾಗೆ ಹಾರುವಾಗ ಅದಕ್ಕೆ ವಿಮಾನದ ನಿಯಮಗಳೇ ಅನ್ವಯ. ಪ್ರಯಾಣಿಕರಿಗಾಗಿ ಈಗ ತಯಾರಾಗುತ್ತಿರುವವು ಬಹುಪಾಲು ಮೊದಲ ಎರಡು ಬಗೆಯವು.

ನೀರಿಗೆ ಅಷ್ಟು ಹತ್ತಿರ ಹಾರಿದರೆ ಲಾಭವೇನು?

ಎರಡು ಲಾಭ. ಒಂದು, ರೆಕ್ಕೆಯ ಕೆಳಗೆ ನುಗ್ಗಿದ ಗಾಳಿಗೆ ಹೊರಹೋಗಲು ಜಾಗ ಸಾಲದೆ ಅಲ್ಲಿ ಒತ್ತಡ ಹೆಚ್ಚುತ್ತದೆ, ಲಿಫ್ಟ್ (ಮೇಲೆತ್ತುವ ಬಲ) ಕೂಡ ಹೆಚ್ಚುತ್ತದೆ. ಎರಡನೆಯದು ಇದಕ್ಕಿಂತ ಮುಖ್ಯ. ಎತ್ತರದಲ್ಲಿ ಹಾರುವ ರೆಕ್ಕೆಯ ತುದಿಯಲ್ಲಿ ಕೆಳಗಿನ ಗಾಳಿ ಮೇಲಕ್ಕೆ ಸುತ್ತಿಕೊಂಡು ಸುಳಿ ಏಳುತ್ತದೆ. ಆ ಸುಳಿ ಹುಟ್ಟಿಸಲು ಹೋಗುವ ಶಕ್ತಿಯೇ ‘ಪ್ರೇರಿತ ಎಳೆತ’. ಕೆಳಗೆ ನೀರು ಅಡ್ಡವಾಗಿದ್ದರೆ ಸುಳಿ ಪೂರ್ತಿ ಬೆಳೆಯುವುದಿಲ್ಲ, ಎಳೆತ ಇಳಿಯುತ್ತದೆ.

ಎಷ್ಟು ಇಳಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ರೆಕ್ಕೆಯ ಪೂರ್ಣ ಅಗಲಕ್ಕೂ ಹಾರುವ ಎತ್ತರಕ್ಕೂ ಇರುವ ಅನುಪಾತ. ತುದಿಯಿಂದ ತುದಿಗೆ 15 ಮೀಟರ್ ರೆಕ್ಕೆ ಇರುವ ನೌಕೆಗೆ ಪಠ್ಯಪುಸ್ತಕದ ಸೂತ್ರ ಹಾಕಿ ನೋಡಿ. ನೀರಿನಿಂದ 3.75 ಮೀಟರ್ ಎತ್ತರದಲ್ಲಿ ಪ್ರೇರಿತ ಎಳೆತ ಬರೀ ಶೇ. 6ರಷ್ಟು ಕಡಿಮೆ. 1.5 ಮೀಟರಿಗೆ ಇಳಿದರೆ ಶೇ. 28ರಷ್ಟು ಕಡಿಮೆ. 0.75 ಮೀಟರಿಗೆ ಇಳಿದರೆ ಶೇ. 60ರಷ್ಟು ಕಡಿಮೆ. ಅಂದರೆ ನಿಜವಾದ ಉಳಿತಾಯ ಇರುವುದು ರೆಕ್ಕೆಯಗಲದ ಹತ್ತನೇ ಒಂದು ಪಾಲಿಗಿಂತ ಕೆಳಗೆ ಮಾತ್ರ. ‘ಹತ್ತು ಮೀಟರ್ ಎತ್ತರದಲ್ಲಿ ಹಾರಿ ಇಂಧನ ಉಳಿಸುತ್ತದೆ’ ಎಂದು ಸಣ್ಣ ನೌಕೆಯ ಬಗ್ಗೆ ಯಾರಾದರೂ ಹೇಳಿದರೆ ಈ ಅನುಪಾತವನ್ನು ಕೇಳಿ.

ಹಾಗಾದರೆ ಅಲೆ ಎದ್ದರೆ?

ಇಡೀ ವಿಷಯದ ಗಂಟು ಇರುವುದೇ ಇಲ್ಲಿ. ಉಳಿತಾಯ ಬೇಕಿದ್ದರೆ ನೀರಿಗೆ ಹತ್ತಿರ ಇರಬೇಕು, ಹತ್ತಿರ ಇದ್ದರೆ ಅಲೆ ತಾಗುತ್ತದೆ. 15 ಮೀಟರ್ ರೆಕ್ಕೆಯ ನೌಕೆ ಮುಕ್ಕಾಲು ಮೀಟರಿನಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಸಾಗುವಾಗ ಎರಡು ಮೀಟರಿನ ಅಲೆಗೆ ಅಲ್ಲಿ ಜಾಗವೇ ಇಲ್ಲ. ಏಳುವಾಗ, ಇಳಿಯುವಾಗ ಮಿತಿ ಇನ್ನೂ ಬಿಗಿ: ಈ ಗಾತ್ರದ ನೌಕೆಗೆ ಅರ್ಧ ಮೀಟರಿನ ಅಲೆಯೇ ಹೆಚ್ಚು. ದೊಡ್ಡ ಅಲೆಯ ಮೇಲೆ ಓಡಿಸಬೇಕೆಂದರೆ ರೆಕ್ಕೆ ದೊಡ್ಡದಾಗಬೇಕು, ರೆಕ್ಕೆ ದೊಡ್ಡದಾದರೆ ತೂಕ, ಎಂಜಿನ್, ಬಂಡವಾಳ ಎಲ್ಲವೂ ಏರುತ್ತವೆ. ಸೋವಿಯತ್ ಒಕ್ಕೂಟದ ನೌಕೆಗಳು ಅಷ್ಟು ದೈತ್ಯವಾಗಿದ್ದುದಕ್ಕೆ ಇದೂ ಒಂದು ಕಾರಣ.

ಹಾರಂಗಿ ಜಲಾಶಯದಲ್ಲಿ ಅಲೆಯೇ ಇಲ್ಲವಲ್ಲ, ಅಲ್ಲಿ ಏಕಾಗದು?

ಅಲೆ ಇಲ್ಲ ಎಂಬುದು ನಿಜ. ತೊಡಕು ಇರುವುದು ತಿರುವಿನಲ್ಲಿ.

ವಿಮಾನ ತಿರುಗುವಾಗ ಒಂದು ಮಗ್ಗುಲಿಗೆ ವಾಲುತ್ತದೆ. ಎಷ್ಟು ವಾಲಿದರೆ ಅಷ್ಟು ಸಣ್ಣ ತಿರುವು. ನೀರಿಗೆ ಒಂದೂವರೆ ಮೀಟರ್ ಮೇಲಿರುವ ನೌಕೆಗೆ ಆ ಸ್ವಾತಂತ್ರ್ಯ ಇಲ್ಲ. 15 ಮೀಟರ್ ರೆಕ್ಕೆ 10 ಡಿಗ್ರಿ ವಾಲಿದರೆ ಒಳಬದಿಯ ತುದಿ 1.3 ಮೀಟರ್ ಕೆಳಗಿಳಿಯುತ್ತದೆ, ನೀರಿಗೂ ಅದಕ್ಕೂ ಉಳಿಯುವುದು ಒಂದು ಗೇಣು. ಆ 10 ಡಿಗ್ರಿಯಲ್ಲಿ, ಗಂಟೆಗೆ 150 ಕಿ.ಮೀ. ವೇಗಕ್ಕೆ, ತಿರುವಿನ ತ್ರಿಜ್ಯ ಒಂದು ಕಿಲೋಮೀಟರ್. ಮರಳಿ ಬಂದ ದಾರಿಗೇ ಮುಖ ಮಾಡಲು ಎರಡು ಕಿಲೋಮೀಟರ್ ಅಗಲದ ಬರಿ ನೀರು ಬೇಕು. ಜಾಗರೂಕತೆಯಿಂದ 5 ಡಿಗ್ರಿ ಮಾತ್ರ ವಾಲಿಸಿದರೆ ನಾಲ್ಕು ಕಿಲೋಮೀಟರ್ ಬೇಕು. ಗುಡ್ಡಗಳ ಸಂದಿಗೆ ಕವಲು ಕವಲಾಗಿ ಹೊಕ್ಕಿರುವ ಹಿನ್ನೀರಿನಲ್ಲಿ ಅಂಥ ಅಂಗಳ ಸಿಗುವುದಿಲ್ಲ.

ಎರಡನೆಯದು ಎತ್ತರ. ಹಾರಂಗಿಯ ತುಂಬಿದ ಮಟ್ಟ 2859 ಅಡಿ, ಅಂದರೆ ಸಮುದ್ರಮಟ್ಟದಿಂದ ಸುಮಾರು 871 ಮೀಟರ್. ಮಂಗಳೂರಿನ ಗಾಳಿಗಿಂತ ಅಲ್ಲಿನ ಗಾಳಿ, ಅದೇ ಬಿಸಿಲಿನಲ್ಲಿ, ಶೇ. 10ರಷ್ಟು ತೆಳು. ಅದೇ ಭಾರ ಎತ್ತಲು ವೇಗ ಶೇ. 5ರಷ್ಟು ಹೆಚ್ಚಬೇಕು, ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿ ಶೇ. 10ರಷ್ಟು ಕುಗ್ಗುತ್ತದೆ. ಎರಡೂ ಸೇರಿ ಮೇಲೇಳುವ ಓಟದ ಉದ್ದ ಶೇ. 20ಕ್ಕೂ ಮಿಕ್ಕಿ ಬೆಳೆಯುತ್ತದೆ. ಕರಾವಳಿಯಲ್ಲಿ 600 ಮೀಟರಿನಲ್ಲಿ ಏಳುವ ನೌಕೆಗೆ ಇಲ್ಲಿ 720ರ ಮೇಲೆ ಬೇಕು.

ಮೂರನೆಯದು ನೀರಿನ ಮಟ್ಟ. ಜುಲೈ, ಆಗಸ್ಟಿನಲ್ಲಿ ತುಂಬುವ ಜಲಾಶಯದ ನೀರು ನಾಲೆಗಳಿಗೆ ಹರಿದು ಬೇಸಿಗೆಯ ಹೊತ್ತಿಗೆ ಬಹಳ ಇಳಿದಿರುತ್ತದೆ. ಮುಳುಗಿದ್ದ ಬಂಡೆ, ಮರದ ಬೊಡ್ಡೆಗಳು ಮೇಲಕ್ಕೆ ಬರುತ್ತವೆ. ಅವು ನೀರಿನ ಮೇಲೆ ಪೂರ್ತಿ ಕಾಣಿಸಿದರೆ ತಪ್ಪಿಸಬಹುದು. ಅರ್ಧ ಅಡಿ ನೀರಿನಡಿ ಇದ್ದಾಗ ಅವು ನೌಕೆಯ ತಳವನ್ನು ಸೀಳುತ್ತವೆ. ಮಳೆಗಾಲದಲ್ಲಿ ನೀರು ತುಂಬಿರುತ್ತದೆ ನಿಜ, ಆದರೆ ಆಗ ಕಕ್ಕಡದ ಮಳೆ ಮತ್ತು ಮಂಜು. ಗಂಟೆಗೆ 150 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 42 ಮೀಟರ್. ಇನ್ನೂರು ಮೀಟರಿನಾಚೆ ಕಾಣದ ದಿನ ಚಾಲಕನಿಗೆ ಸಿಗುವುದು ಐದು ಸೆಕೆಂಡ್.

ಇಷ್ಟೆಲ್ಲ ಮಾಡಿ ಹೋಗುವುದಾದರೂ ಎಲ್ಲಿಗೆ? ಜಲಾಶಯದ ಒಂದು ತುದಿಯಿಂದ ಇನ್ನೊಂದು ತುದಿಗೆ ಈ ವೇಗದಲ್ಲಿ ಕೆಲವೇ ನಿಮಿಷ. ಅಷ್ಟು ದೂರಕ್ಕೆ ಸಾಧಾರಣ ಮೋಟರ್ ಬೋಟ್ ಸಾಕು.

ಕಾವೇರಿ ಹೊಳೆಯಲ್ಲಿ? ದುಬಾರೆಯಿಂದ ಕುಶಾಲನಗರದ ತನಕ?

ಸಾಧ್ಯವಿಲ್ಲ. ಹೊಳೆ ಬಾಗಿ ಬಾಗಿ ಹರಿಯುತ್ತದೆ, ದಡದ ಮರಗಳು ನೀರಿನ ಮೇಲೆ ಚಾಚಿವೆ, ಬೇಸಿಗೆಯಲ್ಲಿ ದುಬಾರೆಯ ಬಳಿ ಬಂಡೆಗಳು ಎದ್ದು ಕಾಣುತ್ತವೆ, ನಿಸರ್ಗಧಾಮದಲ್ಲಿ ತೂಗುಸೇತುವೆ ಇದೆ. ಹೊಳೆಗೆ ಅಡ್ಡಲಾಗಿ ಎಳೆದ ವಿದ್ಯುತ್ ತಂತಿಗಳು ಇವೆಲ್ಲಕ್ಕಿಂತ ಅಪಾಯ. ಬರಪೊಳೆಯಂಥ ರಾಫ್ಟಿಂಗ್ ಹೊಳೆಯ ಮಾತೇ ಬೇಡ.

ಚಿಕ್ಲಿಹೊಳೆ?

ಹಾರಂಗಿಗಿಂತ ಎಷ್ಟೋ ಚಿಕ್ಕದು. ಮಾದರಿ ಹಾರಿಸಲಷ್ಟೇ ಸರಿ, ಅದೂ ಅನುಮತಿ ಪಡೆದು.

ಮೇಲೇಳುವಾಗ ಅಷ್ಟು ಶಕ್ತಿ ಏಕೆ ಬೇಕು? ಹಾರುವಾಗ ಕಡಿಮೆ ಸಾಕಲ್ಲ?

ನಿಂತ ನೀರಿನಿಂದ ಹೊರಟ ನೌಕೆಯ ತಳ ಮೊದಲು ನೀರನ್ನು ಸೀಳುತ್ತದೆ, ತನ್ನದೇ ಅಲೆಯನ್ನು ಎಬ್ಬಿಸಿಕೊಂಡು ಅದರ ಏರನ್ನು ಹತ್ತಬೇಕಾಗುತ್ತದೆ. ಆ ಹಂತದ ಎಳೆತಕ್ಕೆ ‘ಹಂಪ್’ ಎನ್ನುತ್ತಾರೆ. ಐದು ಟನ್ನಿನ ನೌಕೆ ಹಾರುತ್ತ ಸಾಗುವಾಗ ತೂಕದ ಹದಿನೈದನೇ ಒಂದು ಪಾಲು, ಅಂದರೆ ಸುಮಾರು 330 ಕೆ.ಜಿ. ನೂಕುಬಲ ಸಾಕು ಎಂದಿಟ್ಟುಕೊಳ್ಳಿ. ಹಂಪ್ ದಾಟುವಾಗ ತೂಕದ ನಾಲ್ಕನೇ ಅಥವಾ ಐದನೇ ಒಂದು ಪಾಲು ಬೇಕಾಗಬಹುದು, ಅಂದರೆ 1000ದಿಂದ 1250 ಕೆ.ಜಿ. ಅರ್ಧ ನಿಮಿಷದ ಆ ಏರಿಗಾಗಿ ಮೂರು ಪಟ್ಟು ದೊಡ್ಡ ಎಂಜಿನ್ನನ್ನು ಇಡೀ ದಾರಿ ಹೊತ್ತು ಸಾಗಬೇಕು.

ಇದನ್ನು ತಗ್ಗಿಸಲು ಹಲವು ಉಪಾಯಗಳಿವೆ. ತಳದಲ್ಲಿ ಮೆಟ್ಟಿಲಿನಂಥ ಒಂದು ಕಡಿತ ಕೊಟ್ಟರೆ ಅಲ್ಲಿ ಗಾಳಿ ನುಗ್ಗಿ ನೀರಿನ ಅಂಟು ಬಿಡುತ್ತದೆ. ಮುಂದಿನ ಎಂಜಿನ್ನಿನ ಗಾಳಿಯನ್ನು ರೆಕ್ಕೆಯ ಅಡಿಗೆ ಊದಿಸಿದರೆ ನಿಂತಲ್ಲೇ ಅಷ್ಟಿಷ್ಟು ಭಾರ ಎತ್ತುತ್ತದೆ, ಸೋವಿಯತ್ ನೌಕೆಗಳು ಮಾಡಿದ್ದು ಇದನ್ನೇ. ಇತ್ತೀಚಿನ ಕೆಲವು ವಿನ್ಯಾಸಗಳು ನೀರೊಳಗಿನ ಹೈಡ್ರೋಫಾಯಿಲ್ ಮೇಲೆ ಮೊದಲು ಎದ್ದು ನಿಂತು ಆಮೇಲೆ ಹಾರುತ್ತವೆ.

ಹೋವರ್‌ಕ್ರಾಫ್ಟ್, ಹೈಡ್ರೋಫಾಯಿಲ್, ಸೀಪ್ಲೇನ್ — ಇವೆಲ್ಲ ಒಂದೇ ಅಲ್ಲವೇ?

ಅಲ್ಲ. ಹೋವರ್‌ಕ್ರಾಫ್ಟ್ ಫ್ಯಾನಿನಿಂದ ಗಾಳಿ ತುಂಬಿಕೊಂಡು ರಬ್ಬರ್ ಸೆರಗಿನ ಮೇಲೆ ನಿಲ್ಲುತ್ತದೆ, ನಿಂತಲ್ಲೂ ತೇಲುತ್ತದೆ, ಮರಳ ಮೇಲೂ ಹೋಗುತ್ತದೆ. ಹೈಡ್ರೋಫಾಯಿಲಿನ ರೆಕ್ಕೆ ನೀರೊಳಗೆ ಇರುತ್ತದೆ. ಸೀಪ್ಲೇನ್ ನೀರಿನಿಂದ ಎದ್ದು ಸಾವಿರಾರು ಅಡಿ ಏರುವ ಪೂರ್ಣ ವಿಮಾನ. ಗುಡ್ಡಗಾಡಿನ ಜಲಾಶಯಕ್ಕೆ ಇವುಗಳಲ್ಲಿ ಯಾವುದಾದರೂ ಹೊಂದುವುದಿದ್ದರೆ ಅದು ಸೀಪ್ಲೇನ್ ಮಾತ್ರ. ಅದು ಎದ್ದ ಮೇಲೆ ಗುಡ್ಡಕ್ಕಿಂತ ಮೇಲೆ ಹೋಗಿ ತಿರುಗಬಲ್ಲದು.

ಸೋವಿಯತ್ ಒಕ್ಕೂಟದವರು ಅಷ್ಟು ದೊಡ್ಡದು ಕಟ್ಟಿದ್ದರಲ್ಲ, ಏಕೆ ನಿಂತುಹೋಯಿತು?

ರೊಸ್ತಿಸ್ಲಾವ್ ಅಲೆಕ್ಸಿಯೆವ್ ಹೈಡ್ರೋಫಾಯಿಲ್ ದೋಣಿಗಳ ವಿನ್ಯಾಸಕಾರ. ಗೋರ್ಕಿ ನಗರದಲ್ಲಿ (ಈಗಿನ ನಿಜ್ನಿ ನೊವ್‌ಗೊರೊದ್) ಅವರ ತಂಡ ಕಟ್ಟಿದ ‘ಕೆಎಂ’ 1966ರಲ್ಲಿ ಹಾರಿತು. ಉದ್ದ 92 ಮೀಟರ್, ಹತ್ತು ಜೆಟ್ ಎಂಜಿನ್, ಗರಿಷ್ಠ ತೂಕ 544 ಟನ್. ಉಪಗ್ರಹ ಚಿತ್ರದಲ್ಲಿ ಕಂಡ ಅಮೆರಿಕದವರು ಇದನ್ನು ‘ಕ್ಯಾಸ್ಪಿಯನ್ ಸಮುದ್ರದ ದೈತ್ಯ’ ಎಂದು ಕರೆದರು. 1980ರಲ್ಲಿ ಅದು ಅಪಘಾತಕ್ಕೀಡಾಗಿ ಮುಳುಗಿತು. ಆಮೇಲೆ ಬಂದ ‘ಒರ್ಲ್ಯೊನೊಕ್’ ಸೈನಿಕರನ್ನು ಸಾಗಿಸಲು, ‘ಲುನ್’ ಕ್ಷಿಪಣಿ ಹಾರಿಸಲು. ಲುನ್ 2020ರಲ್ಲಿ ದೆರ್ಬೆಂತ್ ಕಡಲತೀರಕ್ಕೆ ಎಳೆದು ತಂದು ಬಿಡಲ್ಪಟ್ಟಿದೆ.

ಇವು ನಿಂತದ್ದು ಹಾರದೆ ಅಲ್ಲ. ಸೇನೆಗೆಂದು ಕಟ್ಟಿದ್ದರಿಂದ ಖರ್ಚಿನ ಲೆಕ್ಕ ಆಗ ಯಾರೂ ಕೇಳಲಿಲ್ಲ. ಒಕ್ಕೂಟ ಒಡೆದ ಮೇಲೆ ಕೇಳಿದಾಗ ಉತ್ತರ ಇರಲಿಲ್ಲ. ಕೆಎಂ ಕಟ್ಟುತ್ತಿದ್ದ ಕಾಲದಲ್ಲೇ ಜರ್ಮನಿಯ ಅಲೆಕ್ಸಾಂಡರ್ ಲಿಪ್ಪಿಶ್ ಬೇರೆ ದಾರಿ ಹಿಡಿದರು: ಮುಂಚೂಣಿ (ಮುಂದಿನ ಅಂಚು) ನೇರ, ಹಿಂಚೂಣಿ (ಹಿಂದಿನ ಅಂಚು) ಮುಂದಕ್ಕೆ ಓರೆಯಾದ, ತುದಿಗಳು ಕೆಳಗೆ ಬಾಗಿದ ತ್ರಿಕೋನ ರೆಕ್ಕೆ. ಎತ್ತರ ಬದಲಾದರೂ ಮೂತಿ ಏಳುವ ಚಟ ಇದರಲ್ಲಿ ಕಡಿಮೆ. ಇಂದಿನ ಸಣ್ಣ ನೌಕೆಗಳಲ್ಲಿ ಹಲವು ಲಿಪ್ಪಿಶ್ ವಂಶದವೇ.

ಈಗ ಯಾರು ತಯಾರಿಸುತ್ತಿದ್ದಾರೆ?

ಸಿಂಗಪುರದ ಏರ್‌ಫಿಶ್ 8 ಲಿಪ್ಪಿಶ್ ಮಾದರಿಯದು: ಉದ್ದ 17 ಮೀಟರಿಗೆ ಸ್ವಲ್ಪ ಹೆಚ್ಚು, ರೆಕ್ಕೆ 15 ಮೀಟರ್, ಇಬ್ಬರು ಚಾಲಕರು, ಎಂಟರ ತನಕ ಪ್ರಯಾಣಿಕರು, ಕಾರಿನ ಮೂಲದ ವಿ8 ಪೆಟ್ರೋಲ್ ಎಂಜಿನ್. ಅಮೆರಿಕದ ರೋಡ್ ಐಲೆಂಡಿನ ರೀಜೆಂಟ್ ಕಂಪನಿ 12 ಪ್ರಯಾಣಿಕರ ವಿದ್ಯುತ್ ‘ಸೀಗ್ಲೈಡರ್’ ಮಾಡಿ 2025ರಲ್ಲಿ ಜನರನ್ನು ಕೂರಿಸಿ ನೀರಿನ ಪರೀಕ್ಷೆ ಶುರು ಮಾಡಿತು. ಅವರ ಗುರಿ ಗಂಟೆಗೆ ಸುಮಾರು 290 ಕಿ.ಮೀ. ವೇಗ, ಒಂದು ಚಾರ್ಜಿಗೆ ಸುಮಾರು 290 ಕಿ.ಮೀ. ದೂರ. ನಮ್ಮಲ್ಲಿ ಐಐಟಿ ಮದ್ರಾಸಿನ ಬೆಂಬಲದ ವಾಟರ್‌ಫ್ಲೈ ಟೆಕ್ನಾಲಜೀಸ್ 2025ರ ಏರೋ ಇಂಡಿಯಾದಲ್ಲಿ ತನ್ನ ವಿನ್ಯಾಸ ತೋರಿಸಿತು. ಮೊಬೈಲಿನಲ್ಲಿ ಓಡಾಡಿದ ಸುದ್ದಿ ಬಹುಪಾಲು ಅದರದೇ.

ಟಿಕೆಟ್ ರೈಲಿಗಿಂತ ಅಗ್ಗವಾಗುತ್ತದೆ ಎನ್ನುತ್ತಾರೆ. ನಿಜವೇ?

ಇಂಧನದ ಲೆಕ್ಕ ನೀವೇ ಹಾಕಿ. ಐದು ಟನ್ನಿನ ನೌಕೆ, 330 ಕೆ.ಜಿ. ನೂಕುಬಲ, ಗಂಟೆಗೆ 150 ಕಿ.ಮೀ.: ಗಾಳಿಗೆ ಕೊಡಬೇಕಾದ ಶಕ್ತಿ ಸುಮಾರು 136 ಕಿಲೋವ್ಯಾಟ್. ಪ್ರೊಪೆಲ್ಲರಿನಲ್ಲಿ ಐದನೇ ಒಂದು ಪಾಲು ಸೋರುವುದರಿಂದ ಎಂಜಿನ್ 170 ಕಿಲೋವ್ಯಾಟ್ ಕೊಡಬೇಕು. ಪೆಟ್ರೋಲ್ ಎಂಜಿನ್ ಇದಕ್ಕೆ ಗಂಟೆಗೆ ಸುಮಾರು 70 ಲೀಟರ್ ಕುಡಿಯುತ್ತದೆ. ಅಂದರೆ 100 ಕಿ.ಮೀ.ಗೆ ಸುಮಾರು 47 ಲೀಟರ್. ಎಂಟೂ ಸೀಟು ತುಂಬಿದರೆ ತಲೆಗೆ ಆರು ಲೀಟರಿನ ಹತ್ತಿರ. ನಾಲ್ವರು ಕೂತ ಕಾರಿನಲ್ಲಿ ತಲೆಗೆ ಎರಡು ಲೀಟರೂ ಆಗುವುದಿಲ್ಲ. ಬಸ್ಸು, ರೈಲು ಇನ್ನೂ ಕಡಿಮೆ.

ಇದು ವಿಗ್ ನೌಕೆಯನ್ನು ಹೀಗಳೆಯುವ ಮಾತಲ್ಲ. ಅದರ ಪೈಪೋಟಿ ರಸ್ತೆಯ ಜೊತೆ ಅಲ್ಲ, ವೇಗದ ಫೆರಿ ಮತ್ತು ಹೆಲಿಕಾಪ್ಟರ್ ಜೊತೆ. ರಸ್ತೆ ಇಲ್ಲದ, ವಿಮಾನ ನಿಲ್ದಾಣ ಕಟ್ಟಲಾಗದ ದ್ವೀಪಗಳ ನಡುವೆ ಇದು ಗೆಲ್ಲಬಹುದು. ಮಂಗಳೂರು–ಮಲ್ಪೆಯಂಥ ದಾರಿಯಲ್ಲಿ, ಪಕ್ಕದಲ್ಲೇ ಹೆದ್ದಾರಿ ಇರುವಾಗ, ಗೆಲ್ಲುವುದು ಕಷ್ಟ.

ಬ್ಯಾಟರಿಯಲ್ಲಿ ಓಡಿಸಿದರೆ?

ಅದೇ ನೌಕೆಗೆ 100 ಕಿ.ಮೀ. ಸಾಗಲು 40 ನಿಮಿಷ, ಸುಮಾರು 125 ಯೂನಿಟ್ ವಿದ್ಯುತ್. ಹಂಪ್ ದಾಟುವುದು, ಮೀಸಲು ಎಲ್ಲ ಸೇರಿಸಿ 180 ಯೂನಿಟ್ ಇಡಬೇಕು. ಕೆ.ಜಿ.ಗೆ 200 ವ್ಯಾಟ್-ಅವರ್ ಹಿಡಿಯುವ ಪ್ಯಾಕ್ ಆದರೆ 900 ಕೆ.ಜಿ. ತೂಕ, ಅಂದರೆ ಹತ್ತು ಪ್ರಯಾಣಿಕರ ಜಾಗ. ಸಣ್ಣ ದಾರಿಗೆ ಆಗುವ ಮಾತು. ಉದ್ದ ದಾರಿಗೆ ಈಗಿನ ಬ್ಯಾಟರಿ ಸಾಲದು. ಪೆಟ್ರೋಲ್ ಆದರೆ ದಾರಿಯಲ್ಲಿ ಖರ್ಚಾಗಿ ನೌಕೆ ಹಗುರಾಗುತ್ತದೆ, ಬ್ಯಾಟರಿಯ ತೂಕ ಕೊನೆಯ ತನಕ ಹಾಗೇ ಇರುತ್ತದೆ.

ಮಂಗಳೂರು ಅಥವಾ ಕಣ್ಣೂರಿನಿಂದ ಲಕ್ಷದ್ವೀಪಕ್ಕೆ ಹೋಗಬಹುದಾದರೆ ನಮಗೆ ಅನುಕೂಲವಲ್ಲವೇ?

ಅನುಕೂಲವೇ. ಸಂಪಾಜೆ ಇಳಿದು ಮಂಗಳೂರು, ಮಾಕುಟ್ಟ ಇಳಿದು ಕಣ್ಣೂರು ನಮಗೆ ಕೊಚ್ಚಿಗಿಂತ ಎಷ್ಟೋ ಹತ್ತಿರ. ಮಂಗಳೂರಿನಿಂದ ಹತ್ತಿರದ ದ್ವೀಪಗಳಿಗೆ 250 ಕಿ.ಮೀ. ಆಸುಪಾಸು. ಗಂಟೆಗೆ 150ರಂತೆ ಎರಡು ಗಂಟೆಯೂ ಬೇಡ.

ಆದರೆ ಅದು ತೆರೆದ ಅರಬ್ಬಿ ಸಮುದ್ರ. ಜೂನ್‌ನಿಂದ ಸೆಪ್ಟೆಂಬರಿನ ತನಕ ಅಲೆ ಮೂರು ಮೀಟರ್ ದಾಟುವುದು ಸಾಮಾನ್ಯ. ಕರ್ನಾಟಕ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳು ಯಾಂತ್ರಿಕ ಮೀನುಗಾರಿಕೆಗೂ ನಿಷೇಧ. ಎಂಟು ಸೀಟಿನ ನೌಕೆ ಈ ನಾಲ್ಕು ತಿಂಗಳು ದಡದಲ್ಲೇ ಇರಬೇಕು. ಉಳಿದ ತಿಂಗಳಲ್ಲೂ ಮಧ್ಯಾಹ್ನದ ಕಡಲಗಾಳಿ ಎದ್ದ ಮೇಲೆ ನೀರು ಕದಡುತ್ತದೆ, ಬೆಳಗಿನ ಹೊತ್ತೇ ಒಳ್ಳೆಯದು. ಬೆಳಗ್ಗೆಯೇ ಅಳಿವೆಬಾಗಿಲಿನಲ್ಲಿ ಮೀನಿನ ಬೋಟುಗಳ ಸಾಲು ಇರುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು. ನಮ್ಮ ಅಭಿಪ್ರಾಯ: ಈ ದಾರಿಗೆ ಸಣ್ಣ ನೌಕೆ ಸರಿಯಲ್ಲ, ಕನಿಷ್ಠ 30 ಮೀಟರ್ ರೆಕ್ಕೆಯದು ಬೇಕು.

ಸುರಕ್ಷಿತವೇ? ಎಂಜಿನ್ ನಿಂತರೆ?

ಎಂಜಿನ್ ನಿಲ್ಲುವುದು ಇದರಲ್ಲಿ ದೊಡ್ಡ ಭಯವಲ್ಲ. ಕೆಳಗೇ ನೀರಿದೆ, ನೇರವಾಗಿ ಮುಂದಕ್ಕೆ ಇಳಿದು ದೋಣಿಯಂತೆ ತೇಲುತ್ತದೆ. ಆ ಹೊತ್ತಿಗೆ ಚಾಲಕ ತಿರುಗಿಸಲು ಹೋಗಬಾರದು, ಅಷ್ಟೇ.

ನಿಜವಾದ ಅಪಾಯಗಳು ಬೇರೆ. ಮೊದಲನೆಯದು ಮೂತಿ ಏಳುವುದು. ನೀರಿಗೆ ಹತ್ತಿರ ಇರುವಾಗ ಲಿಫ್ಟ್‌ನ ಕೇಂದ್ರ ರೆಕ್ಕೆಯ ನಡುಭಾಗದ ಕಡೆಗೆ ಹಿಂದೆ ಸರಿದಿರುತ್ತದೆ. ಎತ್ತರಕ್ಕೆ ಹೋದಂತೆ ಅದು ಮುಂದಕ್ಕೆ ಜರುಗುತ್ತದೆ, ಮೂತಿ ಇನ್ನಷ್ಟು ಏಳುತ್ತದೆ, ನೌಕೆ ಇನ್ನಷ್ಟು ಮೇಲೆ ಹೋಗುತ್ತದೆ, ನೀರಿನ ಆಸರೆ ತಪ್ಪಿ ಎಳೆತ ಒಮ್ಮೆಲೇ ಹೆಚ್ಚಿ ವೇಗ ಕಳೆದುಕೊಂಡು ಬೀಳುತ್ತದೆ. ಇದನ್ನು ತಡೆಯಲೆಂದೇ ಇವುಗಳ ಬಾಲದ ರೆಕ್ಕೆ ಅಷ್ಟು ದೊಡ್ಡದು, ಅಷ್ಟು ಎತ್ತರದಲ್ಲಿ ಇರುವುದು. ಎರಡನೆಯದು ತಿರುವಿನಲ್ಲಿ ರೆಕ್ಕೆಯ ತುದಿ ನೀರಿಗೆ ತಾಗುವುದು. ಮೂರನೆಯದು ತೇಲುವ ಮರದ ದಿಮ್ಮಿ, ಬಲೆಯ ಬೆಂಡು, ಹಗ್ಗ. ನಾಲ್ಕನೆಯದು ನಿಧಾನವಾಗಿ ಕೊಲ್ಲುವಂಥದ್ದು, ಉಪ್ಪು. ಎಂಜಿನ್ ಎಳೆದುಕೊಳ್ಳುವ ಗಾಳಿಯಲ್ಲೇ ಉಪ್ಪುನೀರಿನ ಸಿಂಪರಣೆ ಇರುತ್ತದೆ. ಪ್ರತಿದಿನ ಸಿಹಿನೀರಿನಲ್ಲಿ ತೊಳೆಯದಿದ್ದರೆ ಕೀಲು, ತಂತಿ ಜೋಡಣೆ, ಅಲ್ಯೂಮಿನಿಯಂ ಭಾಗ ಎಲ್ಲವೂ ಸವೆದುಹೋಗುತ್ತವೆ.

ಎದುರಿಗೆ ದೋಣಿ ಬಂದರೆ ಯಾರು ದಾರಿ ಬಿಡಬೇಕು?

ವಿಗ್ ನೌಕೆಯೇ. ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಏಳುವಾಗ, ಇಳಿಯುವಾಗ, ನೀರಿಗೆ ಹತ್ತಿರ ಹಾರುವಾಗ ಅದು ಉಳಿದೆಲ್ಲ ನೌಕೆಗಳಿಂದ ದೂರ ಇರಬೇಕು, ಪಾತಿದೋಣಿಗೂ ದಾರಿ ಬಿಡಬೇಕು. ಎಲ್ಲ ದಿಕ್ಕಿಗೂ ಕಾಣುವ, ಪ್ರಖರವಾಗಿ ಮಿನುಗುವ ಕೆಂಪು ದೀಪ ಹಾಕಬೇಕು. ನೀರಿನ ಮೇಲೆ ತೇಲುತ್ತಿರುವಾಗ ಮಾತ್ರ ಸಾಮಾನ್ಯ ಯಾಂತ್ರಿಕ ನೌಕೆಯ ನಿಯಮ.

ಪ್ರಯಾಣಿಕರು ಏನು ತಿಳಿದಿರಬೇಕು?

ಹತ್ತುವ ಮೊದಲು ನಿಮ್ಮನ್ನೂ ಲಗೇಜನ್ನೂ ತೂಗಿದರೆ ಮುಜುಗರಪಡಬೇಡಿ. ಹಿಂದಿನ ಸೀಟಿನಲ್ಲಿ ಭಾರ ಹೆಚ್ಚಾದರೆ ಮೂತಿ ಏಳುವ ಅಪಾಯ ಮೇಲೆ ಹೇಳಿದ್ದೇ. ಹೇಳಿದ ಸೀಟಿನಲ್ಲೇ ಕೂರಿ, ದಾರಿಯಲ್ಲಿ ಎದ್ದು ಹಿಂದೆ ಹೋಗಬೇಡಿ. ಲೈಫ್ ಜಾಕೆಟ್ ತೊಟ್ಟಿರಿ, ಆದರೆ ಒಳಗೇ ಗಾಳಿ ತುಂಬಿಸಬೇಡಿ. ನೌಕೆ ಮಗುಚಿದರೆ ಉಬ್ಬಿದ ಜಾಕೆಟ್ ನಿಮ್ಮನ್ನು ಸೂರಿಗೆ ಒತ್ತಿ ಹಿಡಿಯುತ್ತದೆ, ಬಾಗಿಲಿಗೆ ಮುಳುಗಿ ಹೋಗಲಾಗದು. ಏಳುವ ಅರ್ಧ ನಿಮಿಷ ಕಲ್ಲುರಸ್ತೆಯ ಜೀಪಿನಂತೆ ಕುಲುಕುತ್ತದೆ, ಎದ್ದ ಮೇಲೆ ನಿಶ್ಚಲ. ವಾಂತಿಯ ಕಾಟ ಇರುವವರಿಗೆ ಫೆರಿಗಿಂತ ಇದು ಹಿತ.

ನಮ್ಮ ದೇಶದಲ್ಲಿ ಯಾರ ಅನುಮತಿ ಬೇಕು?

ಸಮುದ್ರದಲ್ಲಾದರೆ ಕೇಂದ್ರದ ನೌಕಾಯಾನ ಮಹಾನಿರ್ದೇಶನಾಲಯದ ವ್ಯಾಪ್ತಿ. ಹೊಳೆ, ಹಿನ್ನೀರಿನ ಯಾಂತ್ರಿಕ ನೌಕೆಗಳಿಗೆ ನೋಂದಣಿ, ಸರ್ವೆ ಎಲ್ಲವೂ 2021ರ ಇನ್‌ಲ್ಯಾಂಡ್ ವೆಸೆಲ್ಸ್ ಕಾಯ್ದೆಯಡಿ ಬರುತ್ತವೆ. ಹಾರಂಗಿಯಂಥ ಜಲಾಶಯದಲ್ಲಿ ಏನು ಮಾಡುವುದಿದ್ದರೂ ಕಾವೇರಿ ನೀರಾವರಿ ನಿಗಮದ ಒಪ್ಪಿಗೆ ಬೇಕು. ಜಾಹೀರಾತು ನೋಡಿ ಮುಂಗಡ ಬುಕಿಂಗಿಗೆ ಹಣ ಕಟ್ಟುವ ಮೊದಲು ಆ ನೌಕೆಗೆ ಯಾವ ವರ್ಗೀಕರಣ ಸಂಸ್ಥೆಯ (ನೌಕೆಯ ವಿನ್ಯಾಸ, ಸುರಕ್ಷತೆ ಪರೀಕ್ಷಿಸುವ ಸಂಸ್ಥೆ) ಪ್ರಮಾಣಪತ್ರ ಇದೆ, ಎ–ಬಿ–ಸಿ ಪೈಕಿ ಯಾವ ಬಗೆ, ಏಳಲು ಅಲೆಯ ಮಿತಿ ಎಷ್ಟು ಎಂದು ಬರವಣಿಗೆಯಲ್ಲಿ ಕೇಳಿ.

ನಾವು ಇಂಜಿನಿಯರಿಂಗ್ ವಿದ್ಯಾರ್ಥಿಗಳು. ತೋಟದ ಕೆರೆಯಲ್ಲಿ ಮಾದರಿ ಹಾರಿಸಲು ಎಲ್ಲಿಂದ ಶುರು ಮಾಡಬೇಕು?

ಲಿಪ್ಪಿಶ್ ರೆಕ್ಕೆಯಿಂದ. ಮೊದಲ ಸಲಕ್ಕೆ ಅದೇ ಸುಲಭ.

ರೆಕ್ಕೆಯ ಅಗಲ ತುದಿಯಿಂದ ತುದಿಗೆ 80 ಸೆಂ.ಮೀ., ನಡುವಿನಲ್ಲಿ ಹಿಂದು-ಮುಂದಿನ ಅಳತೆ 60, ತುದಿಯಲ್ಲಿ 12 ಇರಲಿ. ಮುಂಚೂಣಿ ನೇರ ಗೆರೆ, ಓರೆ ಎಲ್ಲ ಹಿಂದೆ. ಎರಡೂ ರೆಕ್ಕೆ ತುದಿಯ ಕಡೆಗೆ 8ರಿಂದ 10 ಡಿಗ್ರಿ ಕೆಳಗೆ ಬಾಗಿರಬೇಕು, ತುದಿಗಳಲ್ಲಿ ಸಣ್ಣ ತೇಲುಗಳು. 5 ಮಿ.ಮೀ. ಫೋಮ್ ಶೀಟ್, ಮುಂಚೂಣಿಯ ಹಿಂದೆ 4 ಮಿ.ಮೀ. ಕಾರ್ಬನ್ ಕಡ್ಡಿ. ಬಾಲದ ಅಡ್ಡರೆಕ್ಕೆ 48×15 ಸೆಂ.ಮೀ., ಕಂಬದ ತುದಿಯಲ್ಲಿ, ಇಂಗ್ಲಿಷ್ ‘ಟಿ’ ಆಕಾರ. ಅದರಲ್ಲಿ ಮೂತಿ ಏರಿಳಿಸುವ ಎಲಿವೇಟರ್, ಕಂಬದಲ್ಲಿ ಎಡಬಲಕ್ಕೆ ತಿರುಗಿಸುವ ರಡ್ಡರ್, ಅವನ್ನು ಆಡಿಸಲು ತಲಾ ಒಂದು 9 ಗ್ರಾಂ ಸರ್ವೊ. ಮೋಟರ್ 2212, 1400 ಕೆವಿ (ವೋಲ್ಟಿಗೆ ನಿಮಿಷಕ್ಕೆ 1400 ಸುತ್ತು), ಪ್ರೊಪೆಲ್ಲರ್ 8×4 ಇಂಚು, 30 ಆಂಪಿಯರ್ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಕ), 3 ಸೆಲ್ಲಿನ 1300ರಿಂದ 1500 ಎಂಎಎಚ್ ಲೈಪೊ ಬ್ಯಾಟರಿ. ಎಲ್ಲ ಸೇರಿ 700 ಗ್ರಾಂ ಮೀರಬಾರದು. ಅಷ್ಟಿದ್ದರೆ ಗಂಟೆಗೆ 30–35 ಕಿ.ಮೀ. ವೇಗದಲ್ಲಿ ಹಾರುತ್ತದೆ.

ಭಾರದ ಕೇಂದ್ರ ಮುಂಚೂಣಿಯಿಂದ 12–13 ಸೆಂ.ಮೀ. ಹಿಂದೆ ಇರಲಿ. ಬ್ಯಾಟರಿಯನ್ನು ಹಿಂದೆ-ಮುಂದೆ ಜರುಗಿಸಿ, ಬೆರಳ ಮೇಲೆ ತೂಗಿ ನೋಡಿ. ತಳದಲ್ಲಿ ಈ ಕೇಂದ್ರಕ್ಕಿಂತ ಸ್ವಲ್ಪವೇ ಹಿಂದೆ, ಅಡ್ಡಲಾಗಿ 8ರಿಂದ 10 ಮಿ.ಮೀ. ಆಳದ ಮೆಟ್ಟಿಲು ಕೊಡಿ. ಅದರ ಅಂಚು ಚೂಪಾಗಿರಬೇಕು. ಮರಳುಕಾಗದದಲ್ಲಿ ಉಜ್ಜಿ ದುಂಡಗೆ ಮಾಡಿದರೆ ನೀರು ಆ ದುಂಡಿಗೆ ಅಂಟಿಕೊಂಡೇ ಹಿಂದೆ ಹರಿಯುತ್ತದೆ, ಮೆಟ್ಟಿಲು ಇದ್ದೂ ಇಲ್ಲದಂತೆ. ರಿಸೀವರನ್ನು ಬಲೂನಿನೊಳಗೆ ಹಾಕಿ ಬಾಯಿ ಕಟ್ಟಿ. ಸರ್ವೊದ ಅಕ್ಷಕ್ಕೆ ಪೆಟ್ರೋಲಿಯಂ ಜೆಲ್ಲಿ ಸವರಿ.

ಕೆರೆಗೆ ಹೋಗುವ ಕಾಲವನ್ನೂ ನೋಡಿ. ಕಾಫಿ ಹೂವಿಗೆ ಬೇಕಾದ ಹೂಮಳೆ ಕೈಕೊಟ್ಟು ಫೆಬ್ರವರಿ, ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಓಡುತ್ತಿರುವಾಗ ಕೆರೆ ಬಸಿದಿರುತ್ತದೆ, ಫುಟ್‌ವಾಲ್ವಿನ ಪೈಪು, ಹಗ್ಗ ನೀರಿನ ಮಟ್ಟದಲ್ಲೇ ಇರುತ್ತವೆ. ಮಳೆ ಬಿಟ್ಟ ಅಕ್ಟೋಬರಿನಿಂದ ಡಿಸೆಂಬರಿನ ಬೆಳಗುಗಳು ಚೆನ್ನ: ಕೆರೆ ತುಂಬಿರುತ್ತದೆ, ಗಾಳಿ ಇರುವುದಿಲ್ಲ. ಕನಿಷ್ಠ 60 ಮೀಟರ್ ನೇರ ನೀರು ಬೇಕು. ಮಾದರಿ ನಡುನೀರಿನಲ್ಲಿ ನಿಂತರೆ ಈಜಿ ಹೋಗಬೇಡಿ. ತೋಟದ ಕೆರೆಗಳ ದಡ ಕಡಿದು, ಒಳಗೆ ಕೆಸರು. ಗಾಳದ ದಾರದ ತುದಿಗೆ ಟೆನಿಸ್ ಚೆಂಡು ಕಟ್ಟಿ ಮಾದರಿಯ ಆಚೆಗೆ ಎಸೆದು ಎಳೆದುಕೊಳ್ಳಿ.

ಮಾದರಿ ಓಡುತ್ತದೆ, ಆದರೆ ಏಳುವುದಿಲ್ಲ. ಎಲ್ಲಿ ತಪ್ಪಿದೆ?

ಗಮನವಿಟ್ಟು ಓಟ ನೋಡಿ, ಅದೇ ಹೇಳುತ್ತದೆ.

ಥ್ರಾಟಲ್ ಕೊಟ್ಟ ಕೂಡಲೇ ಮೂತಿ ನೀರಿಗೆ ಚುಚ್ಚಿದರೆ ಮೋಟರ್ ತುಂಬ ಎತ್ತರದಲ್ಲಿದ್ದು ಮೇಲಿನಿಂದ ನೂಕುತ್ತಿದೆ ಎಂದರ್ಥ. ಮೋಟರಿನ ಮೂತಿಯನ್ನು 4–5 ಡಿಗ್ರಿ ಮೇಲಕ್ಕೆ ಓರೆ ಮಾಡಿ, ಥ್ರಾಟಲ್ಲನ್ನು ಮೂರು ಸೆಕೆಂಡಿನಲ್ಲಿ ಮೆಲ್ಲಗೆ ಏರಿಸಿ. ಮೂತಿ ಎತ್ತಿಕೊಂಡು ಹಿಂಭಾಗ ಎಳೆಯುತ್ತ ಓಡಿದರೆ ಹಂಪ್ ದಾಟಿಲ್ಲ: ತೂಕ ಹೆಚ್ಚು, ಇಲ್ಲವೇ ಮೆಟ್ಟಿಲಿನ ಜಾಗ ಸರಿಯಿಲ್ಲ. ಕಪ್ಪೆಯಂತೆ ಕುಪ್ಪಳಿಸಿದರೆ ಭಾರದ ಕೇಂದ್ರ ಹಿಂದಿದೆ, ಬ್ಯಾಟರಿಯನ್ನು ಒಂದು ಸೆಂ.ಮೀ. ಮುಂದೆ ತನ್ನಿ. ಒಂದೇ ಮಗ್ಗುಲಿಗೆ ಸುತ್ತಿದರೆ ಆ ಕಡೆಯ ತೇಲಿನೊಳಗೆ ನೀರು ಸೇರಿದೆಯೇ ಎಂದು ಅಲ್ಲಾಡಿಸಿ ನೋಡಿ.

ಎದ್ದು ಎರಡು ಅಡಿ ಮೇಲೆ ಹೋದ ಕೂಡಲೇ ಹಿಂದಕ್ಕೆ ಮಗುಚಿದರೆ ಬಾಲದ ರೆಕ್ಕೆ ಸಾಲದು ಅಥವಾ ನೀವು ಎಲಿವೇಟರ್ ಎಳೆದಿದ್ದೀರಿ. ಇದು ಸಾಮಾನ್ಯ ವಿಮಾನದ ಮಾದರಿ ಹಾರಿಸಿ ಅಭ್ಯಾಸವಾದವರಿಗೆ ಆಗುವ ತೊಂದರೆ. ವಿಗ್ ಮಾದರಿಯಲ್ಲಿ ಎತ್ತರವನ್ನು ಎಲಿವೇಟರಿನಿಂದ ಅಲ್ಲ, ಥ್ರಾಟಲಿನಿಂದ ಹಿಡಿಯಬೇಕು. ಎಲಿವೇಟರನ್ನು ಒಂದು ಕಡೆ ಟ್ರಿಮ್ ಮಾಡಿ ಬಿಟ್ಟು, ಎಡಗೈಯ ಹೆಬ್ಬೆರಳಿನಲ್ಲೇ ಏರಿಸಿ ಇಳಿಸಿ. ಅರ್ಧ ಥ್ರಾಟಲಿನ ಆಸುಪಾಸಿನಲ್ಲಿ ನೀರಿಗೆ ಮೂರು ನಾಲ್ಕು ಬೆರಳು ಮೇಲೆ ಮಾದರಿ ತಾನಾಗಿ ನಿಂತು ಸಾಗಿದರೆ ಅಳತೆ ಸರಿ ಬಂದಿದೆ. ಆಮೇಲೆ ಬ್ಯಾಟರಿಯ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿಡಿ.